ನಾಲ್ಕನೆಯ ಮಂಚ

ಲಾಡ್ಜಿನಲ್ಲಿ ಮೂರು ಮಂಚದ ಕೋಣೆಗೆ ದಿನಕ್ಕೆ ಒಂಬೈನೂರು, ನಾಲ್ಕು ಮಂಚದ್ದಕ್ಕೆ ಸಾವಿರದ ನೂರು. ನಾಲ್ಕು ದಿನಕ್ಕೆ ಎಂಟುನೂರು ಹೆಚ್ಚು ಬೀಳುತ್ತದೆ. ಎಂಟುನೂರೆಂದರೆ ನಾಲ್ಕು ಜೊತೆ ಸ್ಕೂಲ್ ಯೂನಿಫಾರಂ ಕತ್ತರಿಸಿ, ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟರೆ ಸಿಗುವ ಮಜೂರಿ. ಟೇಲರಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಫೋನನ್ನು ಕಿವಿಗೊತ್ತಿಕೊಂಡು, "ನಾಲ್ಕು ಮಂಚದ್ದೇ ಇಟ್ಟಿರಿ, ಸಂಜೆ ಹೇಳ್ತೀನಿ" ಎಂದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲ್ಸಿದ್ರಂತೆ," ಎಂದ ಗಂಡ. "ಯಾವ ಊರಲ್ಲಿ ಇಳಿಯೋದು ಅಂತಾನೇ ತೀರ್ಮಾನ ಆಗಿಲ್ಲ, ಆಗಲೇ ಮಂಚ ಎಣಿಸ್ತಿದೀಯ. ನಾವಿರೋದು ಮೂರು ಜನ. ನಾಲ್ಕನೇದ್ರ ಮೇಲೆ ಯಾರು, ನಿನ್ನ ಹೊಲಿಗೆ ಮಿಷನ್ನಾ?"

"ಒದ್ದೆ ಬಟ್ಟೆ ಹರಡೋಕೆ ಬೇಕು."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳು ಗುರುತಿನ ಸೀಮೆಸುಣ್ಣದಲ್ಲಿ ಕರಾವಳಿಯನ್ನು ಎಳೆದಿದ್ದಳು. ಉದ್ದಕ್ಕೊಂದು ಬಾಗಿದ ಗೆರೆ, ಅದರ ಬದಿಗೆ ಮೂರು ಸೊನ್ನೆ. ಕೆಳಗಿನ ಸೊನ್ನೆ ಮರಳಿನ ಮೇಲೇ ಕೂತ ಪುಟ್ಟ ಹಳ್ಳಿ. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು, ಅದು ಸಂಜೆಗೆ ಮುಂಚೆ ತಿರುಗಿ ಹೊರಟರೆ ಮತ್ತೆ ಏನಿದ್ದರೂ ಮಾರನೇ ದಿನ. ಮೇಲಿನದು ಹಡಗು ನಿಲ್ಲುವ ದೊಡ್ಡ ಊರು, ಜನರ ಬಾಯಲ್ಲಿ ಬರೀ ಹಾರ್ಬರು. ನಡುವಿನದು ರೈಲು, ಬಸ್ಸು, ಮಾರ್ಕೆಟ್ಟು ಎಲ್ಲಾ ಇದ್ದೂ ಸಮುದ್ರವೊಂದು ಕಾಣದ ಜಂಕ್ಷನ್ನು.

ಗಂಡನಿಗೆ ಹಳ್ಳಿಯೇ ಬೇಕಾಗಿತ್ತು. ಅವನು ಶಾಲೆಯ ವ್ಯಾನು ಓಡಿಸುವವನು. "ವರ್ಷವೆಲ್ಲಾ ಸ್ಟಿಯರಿಂಗು ಹಿಡಿದು ಸಾಕಾಗಿದೆ. ರಜೆಯಲ್ಲೂ ಚಕ್ರದ ಮೇಲೇ ಕೂರಬೇಕಾ? ಹಳ್ಳಿಯಲ್ಲಾದ್ರೆ ಬಾಗಿಲು ತೆಗೆದ್ರೆ ನೀರು. ಜಂಕ್ಷನ್ನಲ್ಲಿ ಬಾಗಿಲು ತೆಗೆದ್ರೆ ಕಂಡಕ್ಟರು."

"ಜಂಕ್ಷನ್ನಿಂದ ಎಲ್ಲಿಗೆ ಬೇಕಾದ್ರೂ ಬಸ್ಸು ಸಿಗುತ್ತೆ. ಒಂದಿನ ಹಳ್ಳಿಗೆ ಹೋಗಿ ಮುಳುಗಿ ಬನ್ನಿ, ಯಾರು ಬೇಡ ಅಂದ್ರು? ಔಷಧಿ ಅಂಗಡಿ ಇದೆ. ಹಾರ್ಬರಿಗೆ ಮುಕ್ಕಾಲೇ ಗಂಟೆ, ಅರ್ಧ ಗಂಟೆಗೊಂದು ಬಸ್ಸು. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ..."

ಅಲ್ಲಿಗೆ ಗಂಡನ ತಮಾಷೆ ನಿಂತಿತು. ಅವನೇನು ಬೆಪ್ಪನಲ್ಲ. ಹಾರ್ಬರಿನಲ್ಲಿ ಇರುವುದು ಅವನ ಅಕ್ಕನ ಮನೆ. ಅಕ್ಕನ ಮನೆಯಲ್ಲಿ ಹತ್ತು ವರ್ಷದ ಹುಡುಗಿ ಇದೆ. ಅವನು ಸೀಮೆಸುಣ್ಣದ ಮೂರು ಸೊನ್ನೆಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ. "ಸರಿ ಬಿಡು, ಜಂಕ್ಷನ್ನೇ ಆಗ್ಲಿ" ಎಂದು ವ್ಯಾನು ತೊಳೆಯಲು ಎದ್ದುಹೋದ.

ಆ ಹುಡುಗಿಯನ್ನು ಹೆತ್ತವಳು ಟೇಲರಮ್ಮ. ಅತ್ತಿಗೆಗೆ ಒಂದಾದ ಮೇಲೊಂದು ನಾಲ್ಕು ಬಸಿರು ನಿಲ್ಲದೆ ಹೋಗಿ, ಅವಳು ಮಾತು ಬಿಟ್ಟು ಗೋಡೆ ನೋಡುತ್ತ ಕೂರುವಂತಾಗಿತ್ತು. ಆಗ ಇವಳಿಗೆ ಎರಡನೆಯದು ಐದು ತಿಂಗಳು. ಒಂದು ದಿನ ಅತ್ತೆ ಬಂದು ಪಕ್ಕದಲ್ಲಿ ಕೂತು, "ನಿನಗೆ ಮತ್ತೆ ಆಗುತ್ತೆ ಕಣಮ್ಮ, ಅವಳಿಗೆ ಇನ್ನು ಆಗಲ್ಲ" ಎಂದರು. ಯಾರೂ ಕೈ ತಿರುಚಲಿಲ್ಲ. ಇವಳೇ ಹೂಂ ಅಂದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದದ್ದೂ ಅವಳೇ, ಅದು ಹಾರ್ಬರಿಗೆ ಹೋಗುವ ಕೂಸೆಂದು ಗೊತ್ತಿದ್ದೂ. ಆರು ತಿಂಗಳು ಹಾಲು ಕೊಟ್ಟು ಬಿಡಿಸಿ ಕಳಿಸಿದಳು. ಮತ್ತೆ ಆಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ದೊಡ್ಡವಳಾಗುವವರೆಗೆ ಹೇಳಬಾರದೆಂದು ಮಾತಾಗಿತ್ತು. ಹುಡುಗಿಗೆ ಇವಳು ಸೋದರಮಾವನ ಹೆಂಡತಿ, ಅತ್ತೆ. ಮಗನಿಗೆ ಅದು ಅತ್ತೆ ಮಗಳು. ಹತ್ತು ವರ್ಷದಲ್ಲಿ ಮದುವೆ, ಸಾವು ಎಂದು ನಾಲ್ಕಾರು ಸಲ ನೋಡಿದ್ದುಂಟು, ಅದೂ ಹತ್ತು ಜನರ ನಡುವೆ. ಕಳಿಸಿದ ಮೇಲೆ ಒಂದು ರಾತ್ರಿಯೂ ಅದು ತನ್ನ ಪಕ್ಕದಲ್ಲಿ ಮಲಗಿದ್ದಿಲ್ಲ. ಟೇಲರಮ್ಮನಿಗೆ ಬೇಕಾಗಿದ್ದು ಅದೊಂದೇ ರಾತ್ರಿ.

ಲಾಡ್ಜು ಬಸ್ ನಿಲ್ದಾಣದ ಎದುರಿಗೇ ಇತ್ತು. ಮೊದಲನೇ ಮಹಡಿ, ನಾಲ್ಕು ಕಬ್ಬಿಣದ ಮಂಚ, ಒಂದು ಫ್ಯಾನು, ಒಂದು ಕಿಟಕಿ. ಟೇಲರಮ್ಮ ಕಿಟಕಿಯ ಪಕ್ಕದ ಮಂಚದ ಹಾಸಿಗೆ ಮಗುಚಿ ಹಾಕಿ, ಮನೆಯಿಂದ ತಂದಿದ್ದ ಹೊಸ ಚಾದರ ಹಾಸಿದಳು. ಎರಡು ದಿನ ಅದರ ಮೇಲೆ ಯಾರೂ ಒದ್ದೆ ಬಟ್ಟೆ ಹರಡಲಿಲ್ಲ. ಮಗ ಬ್ಯಾಗು ಎಸೆದದ್ದಕ್ಕೆ ಬೈಸಿಕೊಂಡ.

ಮೂರನೇ ದಿನ ಬೆಳಿಗ್ಗೆ ಅತ್ತಿಗೆ ಹುಡುಗಿಯನ್ನು ಕರೆದುಕೊಂಡು ಬಂದಳು. ಹೆಸರೊಂದಿದ್ದರೂ ಎಲ್ಲರೂ ಕರೆಯುವುದು ಗುಬ್ಬಿ. ಸಣ್ಣ ಮೂತಿ, ನಿಂತಲ್ಲಿ ನಿಲ್ಲದ ಕಾಲು. ಕೆಳಗೆ ಲಾಡ್ಜಿನ ಯಜಮಾನಿ, ಬಾಯಿ ಸುಮ್ಮನಿರದ ಹೆಂಗಸು, ಮಗನನ್ನೂ ಗುಬ್ಬಿಯನ್ನೂ ನೋಡಿ ಕೇಳಿದಳು.

"ಏನಾಗಬೇಕಪ್ಪಾ ಈ ಹುಡುಗಿ ನಿನಗೆ?"

"ಅತ್ತೆ ಮಗಳು," ಎಂದ ಮಗ.

"ಅಯ್ಯೋ, ಹಾಗಾದ್ರೆ ನಿಮ್ಮಮ್ಮ ಸೊಸೆ ಹುಡುಕೋ ಕಷ್ಟ ತಪ್ತು ಬಿಡು! ಇನ್ನೊಂದು ಹತ್ತು ಹನ್ನೆರಡು ವರ್ಷ ತಡಕೋ."

ಮಗ ಕಿವಿ ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಓಡಿದ. ಗಂಡ ಜೇಬಿನಲ್ಲಿ ಇಲ್ಲದ ಚಿಲ್ಲರೆ ಹುಡುಕಿದ. ಟೇಲರಮ್ಮನ, ಅತ್ತಿಗೆಯ ಕಣ್ಣು ಒಂದು ಕ್ಷಣ ಕೂಡಿತು. ಲೋಕದಲ್ಲಿ ಆ ತಮಾಷೆಗೆ ನಗಲಾರದವರು ಇವರು ಮೂವರೇ ಇದ್ದರು.

"ಅವಳಿಗೆ ಅವನು ಅಣ್ಣ ಇದ್ದ ಹಾಗೆ," ಎಂದಳು ಅತ್ತಿಗೆ, ಸ್ವಲ್ಪ ಗಟ್ಟಿಯಾಗಿಯೇ.

ಟೀ ಕುಡಿದ ಮೇಲೆ ಅತ್ತಿಗೆ ಟೇಲರಮ್ಮನನ್ನು ಪಕ್ಕಕ್ಕೆ ಕರೆದಳು. "ನೋಡೇ, ಇವತ್ತು ಬಿಟ್ಟು ಹೋಗ್ತೀನಿ. ನಾಳೆ ಬೆಳಿಗ್ಗೆ ಬರ್ತೀನಿ. ನಾನಿಲ್ಲದೆ ಎಲ್ಲೂ ಮಲಗಿದವಳಲ್ಲ ಅದು. ಹಟ ಮಾಡಿದ್ರೆ ಒಂದು ಫೋನು ಹಾಕು."

"ಆಗ್ಲಿ ಅತ್ತಿಗೆ."

"ಅನ್ನ ತಿನ್ನುವಾಗ ಮಾತಾಡಿಸಬೇಡ, ನೆತ್ತಿಗೆ ಹತ್ತಿಸ್ಕೋತಾಳೆ."

"ಆಗ್ಲಿ."

ಅತ್ತಿಗೆ ಗುಬ್ಬಿಯ ಕೆನ್ನೆ ತಟ್ಟಿದಳು. ಇವಳ ತೋಳನ್ನೊಮ್ಮೆ ಗಟ್ಟಿಯಾಗಿ ಹಿಡಿದು, ಬಸ್ಸು ಹತ್ತಿದಳು.

ಮಧ್ಯಾಹ್ನ ಎಲ್ಲರೂ ಹಳ್ಳಿಯ ಕಡಲಿಗೆ ಹೋದರು. ಗಂಡ ನೀರಿಗೆ ಬಿದ್ದವನು ಹಿಂತಿರುಗುವ ಬಸ್ಸು ಬರುವವರೆಗೆ ಮೇಲೇಳಲೇ ಇಲ್ಲ. ಮಗನೂ ಗುಬ್ಬಿಯೂ ಮರಳಿನಲ್ಲಿ ಗುಂಡಿ ತೋಡಿ ಜಗಳವಾಡಿದರು. "ಅತ್ತೆ, ನೋಡಿ ಇವನು!" ಎಂದು ಗುಬ್ಬಿ ಹತ್ತು ಸಲ ದೂರು ತಂದಳು. ಹತ್ತು ಸಲವೂ ಟೇಲರಮ್ಮ ಮಗನನ್ನೇ ಬೈದಳು. "ಅವಳದ್ದೇ ಪಕ್ಷ ವಹಿಸ್ತೀಯಲ್ಲ, ನಾನೇನು ಬಾಡಿಗೆ ಮಗನಾ?" ಎಂದ ಅವನು.

ಹಿಂತಿರುಗಿ, ಸ್ನಾನ ಮಾಡಿಸಿ, ತಲೆ ಒರೆಸಿದ ಮೇಲೆ ಅವಳು ಪೆಟ್ಟಿಗೆಯಿಂದ ಒಂದು ಗೌನು ತೆಗೆದಳು. ರಾತ್ರಿ ಹಾಕಿಕೊಂಡು ಮಲಗಲು ಮೆತ್ತನೆಯ ಹತ್ತಿಯದು, ನೀಲಿ, ಎರಡು ಜೇಬು. ಫೋಟೋ ನೋಡಿ ಅಂದಾಜಿನಲ್ಲಿ ಹೊಲಿದದ್ದರಿಂದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದಳು. ಗುಬ್ಬಿ ಹಾಕಿಕೊಂಡಾಗ ಪಾದ ಮುಚ್ಚಿಹೋಯಿತು.

"ಮಂಚದ ಮೇಲೆ ನಿಂತ್ಕೋ. ಅಲ್ಲಾಡಬೇಡ."

ಗುಬ್ಬಿ ನಾಲ್ಕನೆಯ ಮಂಚದ ಮೇಲೆ ನಿಂತಳು. ಟೇಲರಮ್ಮ ನೆಲಕ್ಕೆ ಮೊಣಕಾಲೂರಿ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಅಂಚು ಮಡಚುತ್ತ ಸುತ್ತು ಬಂದಳು. ಗಂಟೆಗೆ ಹತ್ತು ಅಂಚು ಮಡಚುವ ಕೈ ಅದು. ಈ ಒಂದು ಅಂಚು ಮುಗಿಯಲೊಲ್ಲದು. ಹಿಮ್ಮಡಿ, ಕಾಲಿನ ಗಂಟು, ಎಡ ಮೀನಖಂಡದ ಮೇಲಿನ ಮಚ್ಚೆ. ಅದು ಹುಟ್ಟಿದಾಗ ಸಾಸಿವೆಯಷ್ಟಿತ್ತು. ಈಗ ಹೆಸರುಕಾಳಿನಷ್ಟಾಗಿದೆ. ಬಾಯಲ್ಲಿ ಸೂಜಿ ಇದ್ದದ್ದು ಒಳ್ಳೆಯದೇ ಆಯಿತು.

ಕೆಳಗೆ ನಿಲ್ದಾಣದ ದೀಪ ಹತ್ತಿದವು. "ಹಾರ್ಬರ್, ಹಾರ್ಬರ್, ಹಾರ್ಬರ್!" ಎಂದು ಕಂಡಕ್ಟರ್ ಕೂಗತೊಡಗಿದ. ಗುಬ್ಬಿ ಕಿಟಕಿಯ ಕಡೆ ತಿರುಗಿದಳು. ಸೂಜಿ ಜಾರಿತು.

"ಅತ್ತೆ, ಅದು ನಮ್ಮೂರ ಬಸ್ಸಾ?"

ಅವಳು ತಲೆಯಾಡಿಸಿದಳು.

ಹುಡುಗಿ ಕಿಟಕಿಯ ಸರಳು ಹಿಡಿದು ಬಸ್ಸು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಅತ್ತೆ, ಬೇಜಾರು ಮಾಡ್ಕೋಬೇಡಿ. ನನಗೆ ಅಮ್ಮ ಬೇಕು," ಎಂದಳು. "ಅಮ್ಮಂಗೂ ನಾನಿಲ್ದೆ ನಿದ್ದೆ ಬರಲ್ಲ. ಇದು ಹೋದ್ಮೇಲೆ ಇನ್ನೊಂದು ಬಸ್ಸು ಇದೆಯಾ?"

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಇದೇ ಕೊನೆಯದು ಪುಟ್ಟಾ, ಅಗೋ ಹೊರಟೇಹೋಯ್ತು, ಬೆಳಿಗ್ಗೆ ಅಮ್ಮ ಬರ್ತಾಳೆ ಎಂದು ತಟ್ಟಿ ಮಲಗಿಸಿದರೆ, ಸ್ವಲ್ಪ ಅತ್ತು ನಿದ್ದೆ ಹೋಗುವ ವಯಸ್ಸು. ಹಳ್ಳಿಯಲ್ಲಿ ಇಳಿದಿದ್ದರೆ ಆ ಸುಳ್ಳೂ ಬೇಕಿರಲಿಲ್ಲ. ಸಂಜೆಯ ಮೇಲೆ ಅಲ್ಲಿಂದ ಕಾಗೆಯೂ ಹೊರಡುವುದಿಲ್ಲ. ಮಂಚದ ಮೇಲೆ ಕೂತಿದ್ದ ಗಂಡ ಹೆಂಡತಿಯನ್ನೇ ನೋಡುತ್ತಿದ್ದ. ಇಲ್ಲ ಎಂದರೆ ಅವನೂ ಇಲ್ಲ ಎನ್ನಲು ತಯಾರಿದ್ದ.

ಟೇಲರಮ್ಮ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಅರ್ಧ ಗಂಟೆಗೊಂದು ಇದೆ ಪುಟ್ಟಾ. ಅಂಚು ಹೊಲಿದುಬಿಡ್ತೀನಿ, ಮುಂದಿನದಕ್ಕೆ ಹೋಗೋಣ. ಆಗುತ್ತಾ?"

ಗುಬ್ಬಿ ಕುಣಿದು ಕೆಳಗಿಳಿದಳು. ಅಂಚು ಕೈಯಲ್ಲೇ ಹೊಲಿದು, ಗೌನನ್ನು ಚೀಲಕ್ಕೆ ಹಾಕಿದ್ದಾಯಿತು. ಅತ್ತಿಗೆಗೆ ಫೋನು ಮಾಡಿದ್ದಾಯಿತು. "ಹೌದಾ... ಅಳ್ತಾ ಇದ್ದಾಳಾ?" ಎಂದು ಕೇಳಿದ ಅತ್ತಿಗೆಯ ದನಿಯಲ್ಲಿ ಕನಿಕರವಿತ್ತು. ಅದರ ಹಿಂದೆ ಅಡಗಿಸಲಾರದ ಸಮಾಧಾನವೂ ಇತ್ತು. ಅದನ್ನು ತಪ್ಪೆನ್ನಲು ಟೇಲರಮ್ಮನಿಗೆ ಮನಸ್ಸಾಗಲಿಲ್ಲ.

ಗಂಡ ಚಪ್ಪಲಿ ಹಾಕಿಕೊಂಡ. "ನಾನು ಬಿಟ್ಟು ಬರ್ಲಾ? ನಿನಗ್ಯಾಕೆ..."

"ನೀವು ರಜೆಯಲ್ಲಿ ಚಕ್ರದ ಮೇಲೆ ಕೂರಲ್ಲ ಅಂದಿದ್ರಿ. ಇಲ್ಲೇ ಇರಿ."

ಬಸ್ಸು ಊರು ದಾಟುವಷ್ಟರಲ್ಲಿ ಗುಬ್ಬಿಗೆ ತೂಕಡಿಕೆ. ಮಧ್ಯಾಹ್ನವೆಲ್ಲಾ ಕಡಲಲ್ಲಿ ಕುಣಿದ ದೇಹ. ತಲೆ ಮೊದಲು ಕಿಟಕಿಗೆ ಒಮ್ಮೆ ಬಡಿಯಿತು, ಆಮೇಲೆ ಇತ್ತ ವಾಲಿ ಟೇಲರಮ್ಮನ ತೋಳಿನ ಮೇಲೆ ಬಿತ್ತು. ಅವಳು ಉಸಿರನ್ನೂ ಹದವಾಗಿ ಬಿಟ್ಟಳು. ಕೂದಲಲ್ಲಿ ಇನ್ನೂ ಉಪ್ಪಿನ ವಾಸನೆ. ಬಾಯಿ ಸ್ವಲ್ಪ ತೆರೆದು ಮಲಗುವುದು ಆರು ತಿಂಗಳಿದ್ದಾಗಿನದೇ ಅಭ್ಯಾಸ. ತೋಳು ಜೋಮು ಹಿಡಿಯಿತು. ಹಿಡಿಯಲಿ ಎಂದು ಹಾಗೇ ಬಿಟ್ಟಳು. ಟಿಕೆಟ್ ಕೇಳಿದ ಕಂಡಕ್ಟರಿಗೆ ಎಡಗೈಯಲ್ಲೇ ದುಡ್ಡು ಕೊಟ್ಟಳು.

"ಮಗಳಾ? ನಿಮ್ಮದೇ ಅಚ್ಚು," ಎಂದ ಅವನು, ಚಿಲ್ಲರೆ ಎಣಿಸುತ್ತ.

"ಹೂಂ," ಎಂದಳು ಅವಳು. ಹುಡುಗಿಗೆ ಗಾಢ ನಿದ್ದೆ.

ದಾರಿಯಲ್ಲಿ ಒಂದು ರೈಲ್ವೆ ಗೇಟು ಬೀಳಲಿ, ಒಂದು ಟೈರು ಪಂಕ್ಚರಾಗಲಿ ಎಂದು ಬೇಡಿಕೊಂಡಳು. ರಸ್ತೆ ಚೆನ್ನಾಗಿತ್ತು. ಡ್ರೈವರು ಚುರುಕಾಗಿದ್ದ. ಹಾರ್ಬರಿಗೆ ಮುಕ್ಕಾಲೇ ಗಂಟೆ ಎಂದು ಮೇಜಿನ ಮೇಲಿನ ಸೀಮೆಸುಣ್ಣದ ಗೆರೆ ತೋರಿಸಿ ಜಂಕ್ಷನ್ನನ್ನು ಹೊಗಳಿದವಳು ಅವಳೇ.

ಹಾರ್ಬರಿನ ನಿಲ್ದಾಣದ ಕಂಬದ ಕೆಳಗೆ ಅತ್ತಿಗೆ ನಿಂತಿದ್ದಳು. ಬ್ರೇಕಿಗೆ ಎಚ್ಚರವಾದ ಗುಬ್ಬಿ, "ಅಮ್ಮಾ!" ಎಂದು ಕೂಗಿ ಜನರ ನಡುವೆ ತೂರಿ ಇಳಿದೇಬಿಟ್ಟಳು. ಮತ್ತೆ ಏನೋ ನೆನಪಾಗಿ ಕಿಟಕಿಯ ಕೆಳಗೆ ಓಡಿಬಂದು ಕೈ ಚಾಚಿದಳು.

"ಅತ್ತೆ, ನನ್ನ ಗೌನು!"

ಟೇಲರಮ್ಮ ಚೀಲವನ್ನು ಕಿಟಕಿಯಿಂದ ಇಳಿಬಿಟ್ಟಳು. ಅತ್ತಿಗೆ ಹತ್ತಿರ ಬಂದು, "ಇಳಿಯೇ, ಮನೆಗೆ ಬಾ, ಬೆಳಿಗ್ಗೆ ಹೋಗುವಿಯಂತೆ" ಎಂದಳು. ಮನಸ್ಸಿನಿಂದಲೇ ಕರೆದಿದ್ದಳು. ಆ ಮನೆಯಲ್ಲಿ ಗುಬ್ಬಿ ಯಾರ ಪಕ್ಕದಲ್ಲಿ ಮಲಗುತ್ತಾಳೆಂಬುದು ಟೇಲರಮ್ಮನಿಗೆ ಗೊತ್ತಿತ್ತು.

"ಇಲ್ಲ ಅತ್ತಿಗೆ, ಇದೇ ಬಸ್ಸು ತಿರುಗಿ ಹೋಗುತ್ತಂತೆ," ಎಂದಳು.

ಕೋಣೆಗೆ ಬಂದಾಗ ಮಗ ಮಲಗಿದ್ದ. ಗಂಡ ತಟ್ಟೆ ಮುಚ್ಚಿಟ್ಟಿದ್ದ ಊಟ ತೋರಿಸಿದ. ಅವಳು ಮೊದಲು ನಾಲ್ಕನೆಯ ಮಂಚದ ಚಾದರವನ್ನು ಕೈಯಿಂದ ಸವರಿ, ಬಿದ್ದಿದ್ದ ಎರಡು ಗುಂಡುಸೂಜಿ ಹೆಕ್ಕಿ, ನೀಲಿ ದಾರದ ಚೂರುಗಳನ್ನು ಬಳಿದು ತೆಗೆದಳು. ಚಾದರವನ್ನು ಮಡಚಿ ಪೆಟ್ಟಿಗೆಗೆ ಇಟ್ಟಳು.

ನಾಲ್ಕು ದಿನ ಬಾಡಿಗೆ ಕೊಟ್ಟ ಆ ಮಂಚದ ಮೇಲೆ ಯಾರೂ ಮಲಗಲಿಲ್ಲ. ಹುಡುಗಿ ಅವಳ ಪಕ್ಕದಲ್ಲಿ ನಿದ್ದೆ ಮಾಡಿದ್ದು ಬಸ್ಸಿನಲ್ಲಿ, ಮುಕ್ಕಾಲು ಗಂಟೆ.