ಒರ್ಫಾಳಿಗೂ ಸಿಕ್ಕ ಆಶೀರ್ವಾದ

ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರಿಗೂ ಬೈಬಲಿನಿಂದ ಒಂದೊಂದು ಹೆಸರು ಸಿಗುತ್ತದೆ. ಒಂದು ಭಾನುವಾರ ತಪ್ಪಿಸಿಕೊಂಡವನು ತೋಮ. ಮಾತಿಗೆ ಮೊದಲು ಸಿಟ್ಟು ಬರುವವನು ಪೇತ್ರ. ಎಲ್ಲಿ ಹೋದರೂ ನೇರ ಅಡುಗೆಮನೆಗೆ ನುಗ್ಗುವ ವಿನೋದಿನಿ ಆಂಟಿ ಮಾರ್ಥ. ಇವೆಲ್ಲ ತಮಾಷೆಗೆ. ನನ್ನ ಅತ್ತಿಗೆ ವಿಜೇತಾಳಿಗೆ ಸಿಕ್ಕಿದ ಹೆಸರನ್ನು ಮಾತ್ರ ಯಾರೂ ನಗುತ್ತ ಹೇಳುವುದಿಲ್ಲ. ಅವಳು ‘ನಮ್ಮ ರೂತ್’.

ಕಥೆ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಬೆತ್ಲೆಹೇಮಿನ ನೊವೊಮಿ ಬರಗಾಲ ಬಂದಾಗ ಸಂಸಾರದೊಡನೆ ಮೋವಾಬ್ ಎಂಬ ಪರದೇಶಕ್ಕೆ ಹೋದಳು. ಅಲ್ಲಿ ಗಂಡ ಸತ್ತ, ಆಮೇಲೆ ಇಬ್ಬರು ಗಂಡುಮಕ್ಕಳೂ ಸತ್ತರು. ಉಳಿದವರು ಆ ದೇಶದವರೇ ಆದ ಇಬ್ಬರು ಸೊಸೆಯರು, ಒರ್ಫಾ ಮತ್ತು ರೂತ್. ನೊವೊಮಿ ತನ್ನ ಊರಿಗೆ ವಾಪಸು ಹೊರಟಾಗ ಸೊಸೆಯರಿಗೆ ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಎಂದಳು. ಒರ್ಫಾ ಹೋದಳು. ರೂತ್ ಹೋಗಲಿಲ್ಲ. ನಿನ್ನ ಜನವೇ ನನ್ನ ಜನ ಎಂದು ಅತ್ತೆಯ ಜೊತೆಗೇ ಬಂದಳು. ಸಂಡೇ ಸ್ಕೂಲಿನಲ್ಲಿ ನಾನು ಇದನ್ನು ಎಷ್ಟು ಸಲ ಕಲಿಸಿದ್ದೇನೋ. ಮಕ್ಕಳಿಗೆ ಬಣ್ಣ ಹಚ್ಚಲು ಕೊಡುವ ಚಿತ್ರದಲ್ಲಿಯೂ ಅತ್ತೆಯ ಕೈ ಹಿಡಿದ ರೂತಳೇ ಇರುತ್ತಾಳೆ. ಒರ್ಫಾ ಇರುವುದಿಲ್ಲ.

ನನ್ನ ಅಣ್ಣ ಸಂದೀಪ ಮೂರು ವರ್ಷದ ಹಿಂದೆ ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟ. ಅವನ ಸ್ಮರಣೆಯ ಆರಾಧನೆಯಲ್ಲಿ ಸಭಾಹಿರಿಯರಾದ ಶೇಖರ ಅಂಕಲ್ ಎದ್ದು ನಿಂತು, ಮೋಹಿನಿಯಕ್ಕ ಒಂಟಿಯಲ್ಲ, ದೇವರು ಅವರ ಮನೆಯಲ್ಲಿ ಒಬ್ಬ ರೂತಳನ್ನು ಇಟ್ಟಿದ್ದಾನೆ ಎಂದರು. ಮೋಹಿನಿ ನನ್ನ ಅಮ್ಮ. ಅಂಕಲ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಬಂದವರೆಲ್ಲರಿಗೂ ಒಂದೊಂದು ಟೇಬಲ್ ಹುಡುಕಿ ಕೂರಿಸುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಅತ್ತಿಗೆಯನ್ನು ಅವರು ಆ ದಿನ ರೂತಳ ಟೇಬಲಿನಲ್ಲಿ ಕೂರಿಸಿದರು. ಅವಳು ಎದ್ದೇಳಲಿಲ್ಲ.

ಕಳೆದ ಗುರುವಾರದ ತನಕ ನನಗೂ ಅದು ಅವಳ ಜಾಗವೇ ಅನಿಸಿತ್ತು.

ಅತ್ತಿಗೆ ಬೈಕುಲ್ಲಾದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ನನ್ನ ಕಾಲೇಜೂ ಆ ಕಡೆಯೇ ಇರುವುದರಿಂದ ಸಂಜೆ ಇಬ್ಬರೂ ಒಂದೇ ಲೋಕಲ್ ಹಿಡಿದು ಸಯನ್‌ಗೆ ಬರುತ್ತೇವೆ. ಆ ದಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತ್ತು. ನಾನು ಎಂದಿನಂತೆ ಒಂದೇ ಸಮನೆ ಮಾತಾಡುತ್ತಿದ್ದೆ. ಶನಿವಾರ ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ, ಅದರ ಮುಂದಿನ ಭಾನುವಾರ ಸ್ತ್ರೀಯರ ಭಾನುವಾರ, ಅವತ್ತು ಸಭೆಯ ಎದುರಿಗೆ ಅತ್ತಿಗೆಗೆ ಶಾಲು ಹೊದೆಸುತ್ತಾರೆ, ಅವಳು ರೂತಳ ಬಗ್ಗೆ ಸಾಕ್ಷಿ, ಅಂದರೆ ತನ್ನ ಅನುಭವ, ಹೇಳಬೇಕು, ಭಾಷಣ ನಾನೇ ಟೈಪ್ ಮಾಡಿಕೊಡುತ್ತೇನೆ ಎಂದೆಲ್ಲ. ಕರೀ ರೋಡ್ ದಾಟಿದ ಮೇಲೆ ಅವಳು ನನ್ನ ಕೈ ಒತ್ತಿದಳು.

"ಹುಬ್ಬಳ್ಳ್ಯಾಗ ನರ್ಸಿಂಗ್ ಸ್ಕೂಲ್‌ನಾಗ ಕಲಸೂ ಕೆಲಸ ಸಿಕ್ಕೈತಿ, ನಿಕ್ಕಿ. ಸೋಮವಾರದೊಳಗ ಹೇಳಬೇಕು. ನನಗ ಹೋಗಬೇಕು ಅನಸಾಕತ್ತೈತಿ."

ಅವಳು ಬೆಟಗೇರಿಯವಳು. ಆದರೆ ನಮ್ಮ ಮನೆಗೆ ಬಂದಾಗಿನಿಂದ ನಮ್ಮ ಉಡುಪಿ ಕಡೆಯ ಮಾತನ್ನೇ ಆಡುತ್ತಿದ್ದಳು. ಅವಳ ಊರಿನ ಮಾತನ್ನು ನಾನು ಹೀಗೆ ಎದುರಿಗೆ ಕೇಳಿದ್ದು ಬಹಳ ಅಪರೂಪ. ಅಮ್ಮನಿಗೆ ಹೇಳು, ಅಮ್ಮ ಏನೂ ಹುಲಿಯಲ್ಲ ಎಂದೆ. ಅವಳು ಕಿಟಕಿಯ ಆಚೆ ನೋಡಿದಳು.

"ರೂತ್ ಹೆಂಗ ಹೇಳತಾಳ?"

ದಾದರಿನಲ್ಲಿ ಜನ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ಯಾರಿಗೂ ಹೇಳಬಾರದು ಎಂದು ಇಳಿಯುವಾಗ ಆಣೆ ಹಾಕಿಸಿಕೊಂಡಳು. ನಾನು ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳುವವಳಲ್ಲ. ಆದರೂ ಎರಡು ದಿನ ಇಟ್ಟುಕೊಂಡೆ.

ಶನಿವಾರ ಸಂಜೆ ಸೊಸೈಟಿ ಆಫೀಸಿನಿಂದ ತಂದ ಕುರ್ಚಿಗಳು ಹಾಲಿನಲ್ಲಿ ಹಿಡಿಸದೆ ಪ್ಯಾಸೇಜಿನವರೆಗೂ ಹೋದವು. ನಮ್ಮ ಕುಟುಂಬ ಪ್ರಾರ್ಥನೆಗೆ ಒಂದು ಪದ್ಧತಿ ಇದೆ. ಕೀರ್ತನೆ, ಓದು ಆದ ಮೇಲೆ ಯಾರೂ ಉಪದೇಶದ ಪ್ರಸಂಗ ಮಾಡುವುದಿಲ್ಲ. ಕೂತವರು ಒಬ್ಬೊಬ್ಬರಾಗಿ ಆ ಭಾಗದಿಂದ ತಮಗೆ ಸಿಕ್ಕಿದ ಪಾಠ ಹೇಳಬೇಕು. ಹಿಂದೆ ಇದ್ದ ಒಬ್ಬ ಪಾದ್ರಿ ಅಯ್ಯನವರು, ಪಕ್ಕದವರಿಗೆ ಬುದ್ಧಿ ಹೇಳುವುದು ಇಲ್ಲಿ ಬೇಡ, ಮಾತು ‘ನನಗೆ’ ಎಂದೇ ಶುರುವಾಗಲಿ ಎಂದು ಕಟ್ಟುಮಾಡಿ ಹೋಗಿದ್ದಾರೆ. ಜನ ಅದನ್ನು ಪಾಲಿಸುತ್ತಾರೆ, ತಮ್ಮದೇ ರೀತಿಯಲ್ಲಿ. ‘ನನಗೆ ಸಿಕ್ಕಿದ ಪಾಠ ಏನೆಂದರೆ, ಈಗಿನ ಹುಡುಗರು ಮೊಬೈಲ್ ಬಿಡಬೇಕು’ ಎಂದು ವಿನೋದಿನಿ ಆಂಟಿ ಒಮ್ಮೆ ಹೇಳಿದ್ದುಂಟು.

ಯಾವ ಭಾಗ ಓದಬೇಕು ಎನ್ನುವುದು ಮನೆಯವರ ಆಯ್ಕೆ. ಈ ಸಲ ಶೇಖರ ಅಂಕಲ್ ಮೊದಲೇ ಫೋನ್ ಮಾಡಿ, ರೂತಳ ಕಥೆಯ ಮೊದಲ ಅಧ್ಯಾಯವೇ ಇರಲಿ, ವಿಜೇತಾಳಿಗೆ ಸಾಕ್ಷಿಗೆ ಅಭ್ಯಾಸವಾಗುತ್ತದೆ ಎಂದಿದ್ದರು. ಅಮ್ಮ ಆಗಲಿ ಎಂದಿದ್ದಳು.

ಓದುವವಳು ನಾನು. ಸಭೆಯ ಹುಡುಗರಲ್ಲಿ ತಡವರಿಸದೆ ಕನ್ನಡ ಓದುವವರು ಕಡಿಮೆ, ಅದಕ್ಕೇ ನನಗೆ ಸ್ವಲ್ಪ ಜಂಬ, ಮತ್ತೆ ವೇಗವೂ ಜಾಸ್ತಿ. ಬರಗಾಲ, ಪರದೇಶ, ಮೂರು ಸಾವು, ದಾರಿಯಲ್ಲಿ ನಿಂತ ಮೂರು ಹೆಂಗಸರು, ಎಲ್ಲವನ್ನೂ ಒಂದೇ ಉಸಿರಿಗೆ ಓದಿ ರೂತಳ ಮಾತಿಗೆ ಬಂದೆ. ಅಲ್ಲಿ ಎಲ್ಲರೂ ಅತ್ತಿಗೆಯತ್ತ ನೋಡಿದರು. ಅವಳು ಅಡುಗೆಮನೆಯ ಬಾಗಿಲ ಹತ್ತಿರ ಸೆರಗು ಹೊದ್ದು ಕೂತಿದ್ದಳು.

ಮೊದಲ ಪಾಠ ಮನೆಯ ಸೊಸೆಯಿಂದಲೇ ಬರಲಿ ಎಂದರು ಅಂಕಲ್.

ಅತ್ತಿಗೆ ಎದ್ದು ನಿಂತಳು. "ನನಗೆ," ಎಂದಳು. ಎಲ್ಲರೂ ಕಾದರು. ಮತ್ತೆ "ನನಗ" ಎಂದಳು, ಈ ಸಲ ಅವಳ ಊರಿನ ಥರ. ಮುಂದೆ ಮಾತು ಬರಲಿಲ್ಲ. ಈಗಲೇ ಹೇಳಿಬಿಡು ಎಂದು ಮನಸ್ಸಿನಲ್ಲೇ ಅವಳನ್ನು ದೂಡುತ್ತಿದ್ದೆ, ಹೇಳಬೇಡ ಎಂದು ಅಷ್ಟೇ ಜೋರಾಗಿ ಹಿಡಿದೂ ಇದ್ದೆ. ಅವಳು ಹೋದರೆ ಈ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ.

ವಿನೋದಿನಿ ಆಂಟಿಗೆ ಮೌನ ಆಗಿಬರುವುದಿಲ್ಲ. "ಪಾಪ, ನಾಚಿಕೆ ಅವಳಿಗೆ," ಎಂದು ಶುರುಮಾಡಿ, "ಅಲ್ಲ ಶೇಖರಣ್ಣ, ರೂತ್ ಆಮೇಲೆ ಬೋವಜನನ್ನು ಮದುವೆಯಾದದ್ದಲ್ವಾ? ಅದನ್ನು ಮಾತ್ರ ಯಾರೂ ಓದುವುದೇ ಇಲ್ಲ ಮಾರಾಯ್ರೆ," ಎಂದರು. ಒಂದಿಬ್ಬರು ನಕ್ಕರು. ಅಂಕಲ್ ಗಂಟಲು ಸರಿಮಾಡಿಕೊಂಡು, ಈವತ್ತಿಗೆ ಮೊದಲ ಅಧ್ಯಾಯ ಸಾಕು ಎಂದರು. ಅತ್ತಿಗೆ ಕೂತುಬಿಟ್ಟಳು.

ಆಗ ಅಮ್ಮ ನನ್ನನ್ನು ಕರೆದಳು. ಅವಳ ಸ್ವರ ದೊಡ್ಡದಿರಲಿಲ್ಲ.

"ನಿಕ್ಕಿ, ಆ ಇನ್ನೊಬ್ಬಳದ್ದು ಉಂಟಲ್ಲ, ಅದನ್ನು ಇನ್ನೊಮ್ಮೆ ಓದು. ನೀನು ಎಕ್ಸ್‌ಪ್ರೆಸ್ ಟ್ರೇನಿನ ಹಾಗೆ ಹೋದೆ."

ಹುಡುಕಿ ಓದಿದೆ. ಮೊದಲು ನೊವೊಮಿ ಇಬ್ಬರನ್ನೂ ಹರಸುತ್ತಾಳೆ. ಸತ್ತವರಿಗೂ ನನಗೂ ನೀವು ದಯೆ ತೋರಿಸಿದ ಹಾಗೆ ದೇವರು ನಿಮಗೂ ತೋರಿಸಲಿ ಎನ್ನುತ್ತಾಳೆ. ಮುದ್ದಿಡುತ್ತಾಳೆ. ಮೂವರೂ ಗಟ್ಟಿಯಾಗಿ ಅಳುತ್ತಾರೆ. ನಾವೂ ಬರುತ್ತೇವೆ ಎಂದ ಸೊಸೆಯರಿಗೆ, ಬೇಡ, ಹೋಗಿ ಎಂದು ನೊವೊಮಿ ಮತ್ತೆ ಹೇಳುತ್ತಾಳೆ. ಮತ್ತೆ ಅಳುತ್ತಾರೆ. ಒರ್ಫಾ ಅತ್ತೆಗೆ ಮುದ್ದಿಟ್ಟು ಹೊರಡುತ್ತಾಳೆ. ಅಷ್ಟೇ. ಅವಳು ಮಾಡಿದ್ದು ತಪ್ಪು ಎಂದು ಎಲ್ಲಿಯೂ ಬರೆದಿಲ್ಲ. ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದ ಕಥೆಯಲ್ಲಿ ಇಷ್ಟು ಅಳು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನನಗೆ ಸಿಕ್ಕಿದ ಪಾಠ ನಾನು ಹೇಳುತ್ತೇನೆ," ಎಂದಳು ಅಮ್ಮ. ಕೂತಲ್ಲಿಂದಲೇ ಹೇಳಿದಳು. "ಹೋಗು ಅಂತ ನೊವೊಮಿ ಹೇಳಿದಳು. ಬಾಯಿ ಬಿಟ್ಟು ಹೇಳಿದಳು, ಒಂದು ಸಲ ಅಲ್ಲ, ಮತ್ತೆ ಮತ್ತೆ ಹೇಳಿದಳು. ಹಾಗೆ ಹೇಳಿದ ಮೇಲೂ ರೂತ್ ನಿಂತದ್ದು. ನಾನು ಹೇಳಲೇ ಇಲ್ಲ. ಹೇಳದಿದ್ದ ಮೇಲೆ ನನ್ನ ಸೊಸೆ ನಿಂತಳು ಅಂತ ಹೇಗೆ ಹೇಳುವುದು? ಅವಳನ್ನು ಯಾರೂ ಕೇಳಿಯೇ ಇಲ್ಲ."

ಅಂಕಲ್ ಏನೋ ಹೇಳಹೊರಟರು. ಅಮ್ಮ ಕೈಯೆತ್ತಿದಳು.

"ಸ್ವಲ್ಪ ತಾಳಿ ಶೇಖರಣ್ಣ. ಇವಳು ತಾಯಿಯ ಹತ್ತಿರ ಫೋನಲ್ಲಿ ಮಾತಾಡುವಾಗ ಅವಳ ಊರಿನ ಮಾತು ಆಡುತ್ತಾಳೆ, ಏನು ನಗು ಮಾರಾಯ್ರೆ. ಇಟ್ಟ ಕೂಡಲೇ ನಮ್ಮ ಮಾತು. ಆ ನಗು ನನ್ನ ಎದುರಿಗೆ ನಾನು ಕೇಳಿಲ್ಲ. ಗೋಡೆ ಆಚೆಯಿಂದ ಕೇಳಿದ್ದು." ಅವಳು ಅತ್ತಿಗೆಯತ್ತ ತಿರುಗಿದಳು. "ವಿಜೇತಾ, ಎಲ್ಲರ ಎದುರು ನಿನ್ನನ್ನು ಇಟ್ಟುಕೊಂಡೆವು, ಹಾಗಾಗಿ ಎಲ್ಲರ ಎದುರೇ ಹೇಳುತ್ತೇನೆ. ತಾಯಿಯ ಮನೆಗೆ ಹೋಗಬೇಕು ಅಂತ ಉಂಟಾದರೆ ಹೋಗು. ದೇವರು ಒಳ್ಳೆಯದು ಮಾಡಲಿ. ಇರಬೇಕು ಅಂತ ಉಂಟಾದರೆ ಇರು. ರೂತ್ ಅಂತ ಇರುವುದು ಬೇಡ."

ಕೆಲಸದ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಆಣೆಗೂ ಹೇಳಿರಲಿಲ್ಲ.

ಅತ್ತಿಗೆ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಕೂತ ಸಾಲಿನಲ್ಲಿ ಮುಂದಿನ ಸರದಿ ನನ್ನದು. ನಾನು ಮೊದಲೇ ಸಿದ್ಧಮಾಡಿಟ್ಟುಕೊಂಡ ಪಾಠ ನಿಷ್ಠೆಯ ಬಗ್ಗೆ ಇತ್ತು, ಚೆನ್ನಾಗಿಯೂ ಇತ್ತು. ಹೇಳಲಿಲ್ಲ. ನನ್ನ ನಂತರವೂ ಯಾರೂ ಹೇಳಲಿಲ್ಲ. ಕೊನೆಗೆ ಶೇಖರ ಅಂಕಲ್ ಪ್ರಾರ್ಥಿಸಿದರು. ಕರ್ತನೇ, ಈ ಮನೆಯ ಮೋಹಿನಿ, ವಿಜೇತಾ, ನಿಖಿತಾ ಎಂದು ನಮ್ಮ ಮೂವರ ಹೆಸರು ಹೇಳಿ, ಮುಂದೆ ಏನು ಬೇಡಬೇಕೆಂದು ತೋಚದೆ ಆಮೆನ್ ಎಂದುಬಿಟ್ಟರು. ಅವರ ಪ್ರಾರ್ಥನೆ ಅಷ್ಟು ಚಿಕ್ಕದಾದದ್ದು ಅದೇ ಮೊದಲು. ಹೋಗುವಾಗ ಬಾಗಿಲಲ್ಲಿ ನಿಂತು, ಸ್ತ್ರೀಯರ ಭಾನುವಾರದ ವಿಷಯ ನಾನು ನೋಡಿಕೊಳ್ಳುತ್ತೇನೆ, ಶಾಲಿನ ಚಿಂತೆ ಮಾಡಬೇಡಿ ಎಂದು ಅಮ್ಮನಿಗೆ ಹೇಳಿದರು. ಅವರ ಕಣ್ಣು ಕೆಂಪಾಗಿತ್ತು.

ಕುರ್ಚಿ ಮಡಚುತ್ತ ನಾನು ಹಗುರಾಗಿದ್ದೆ. ಎಷ್ಟು ಚಂದ ಹೇಳಿದೆ ಅಮ್ಮ, ಇದನ್ನು ಯುವಜನರ ಗ್ರೂಪಿನಲ್ಲಿ ಹಾಕಬೇಕು ಎಂದೆ. ಅಮ್ಮ ಕಪ್ಪುಗಳನ್ನು ಒಂದರ ಮೇಲೊಂದು ಕುಕ್ಕಿ ಇಡುತ್ತಿದ್ದಳು.

"ಹೋಗು ಅಂತ ಹೇಳಿದ್ದು. ಸಂತೋಷದಲ್ಲಿ ಹೇಳಿದ್ದು ಅಂತ ನಿಂಗೆ ಯಾರು ಹೇಳಿದ್ದು?"

ನಾನು ಕುರ್ಚಿ ಕೆಳಗಿಟ್ಟೆ. ಆಗಲೇ ನನಗೆ ಅಮ್ಮನ ಶುಗರ್ ನೆನಪಾದದ್ದು. ಬೆಳಗ್ಗೆ ಅವಳಿಗೆ ಇನ್ಸುಲಿನ್ ಚುಚ್ಚುವವಳು ಅತ್ತಿಗೆ. ಅಮ್ಮನ ಕೈ ನಡುಗುತ್ತದೆ. ಇನ್ನು ಯಾರು ಚುಚ್ಚುವುದು ಎಂದು ಕೇಳಿದೆ. ನೀನು ಎಂದಳು. ನನಗೆ ಸೂಜಿ ಎಂದರೆ ಹೆದರಿಕೆ ಎಂದೆ.

"ಹೆದರಿಕೊಂಡೇ ಚುಚ್ಚು," ಎಂದಳು ಅಮ್ಮ.

ಅತ್ತಿಗೆ ಸಿಂಕಿನ ಹತ್ತಿರದಿಂದ ಬಂದು ಅಮ್ಮನ ಎದುರಿಗೆ ನಿಂತಳು. ಹುಬ್ಬಳ್ಳಿಯ ಕೆಲಸದ ವಿಷಯ ಎಲ್ಲ ಹೇಳಿದಳು. ಅವಳ ಊರಿನ ಮಾತಿನಲ್ಲೇ ಹೇಳಿದಳು, ಅದಕ್ಕೆ ಅವಳೇ ಗಮನ ಕೊಡಲಿಲ್ಲ.

"ನೀವು ಹೋಗಂದ್ರಿ ಅಂತ ಹೊಂಟಿಲ್ಲ, ಅತ್ತಿ. ನೀವು ಬ್ಯಾಡ ಅಂದಿದ್ರೂ ಹೋಗತಿದ್ದೆನೇನೋ. ಆದ್ರ ಕದ್ದು ಹೋದಂಗ ಆಗತಿತ್ತು."

ಅಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅಣ್ಣ ಹೋದ ದಿನದಿಂದ ನಮ್ಮದು ಮಾದರಿ ಮನೆ. ಬಂದವರೆಲ್ಲ ನಮ್ಮ ಧೈರ್ಯ ನೋಡಿ ಹೊಗಳುತ್ತಿದ್ದರು, ನಾವು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆವು, ಒಬ್ಬರಿಗೊಬ್ಬರು ಕೇಳಿಸದ ಹಾಗೆ. ಅವತ್ತು ಮೂವರೂ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅತ್ತೆವು. ಪಕ್ಕದ ಫ್ಲ್ಯಾಟಿನವರು ಬೆಲ್ ಒತ್ತಿ ಏನಾಯಿತು ಎಂದು ಕೇಳಿದರು. ನಾನೇ ಹೋಗಿ ಏನಿಲ್ಲ, ಪ್ರಾರ್ಥನೆ ಇತ್ತು ಎಂದೆ.

ಅತ್ತಿಗೆ ಮುಖ ತೊಳೆದು ಬೆಟಗೇರಿಗೆ ಫೋನ್ ಹಚ್ಚಿದಳು. "ಅವ್ವಾ, ಬರಾಕತ್ತೀನಿ," ಎಂದಳು. ಆ ಕಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತಿದ್ದುದು ನಮಗೂ ಕೇಳಿಸುತ್ತಿತ್ತು. ಅತ್ತೆ ಏನಂದರು, ಜಗಳ ಆಯಿತೇ, ಅವರನ್ನು ಒಂಟಿ ಬಿಟ್ಟು ಬಂದರೆ ಜನ ಏನಂದಾರು ಎಂದೆಲ್ಲ. ಅಮ್ಮ ಕೈ ಚಾಚಿ ಫೋನ್ ಈಸಿಕೊಂಡಳು. ಅಣ್ಣನ ಮಣ್ಣಿನ ದಿನದ ಮೇಲೆ ಈ ಬೀಗಿತ್ತಿಯರು ಹಬ್ಬಕ್ಕೆ ಶುಭಾಶಯ ಹೇಳಿದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

"ಜಗಳ ಎಂತದೂ ಇಲ್ಲ," ಎಂದಳು ಅಮ್ಮ. "ನಿಮ್ಮ ಮಗಳನ್ನು ಕಳಿಸುತ್ತಿದ್ದೇನೆ. ಇಷ್ಟು ದಿನ ಕೇಳದೆ ಇಟ್ಟುಕೊಂಡೆ. ತಡವಾಯಿತು."

ಆಮೇಲೆ ಆ ತಾಯಿ ಮೆಲ್ಲಗೆ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಮತ್ತ ನೀವು ಹೆಂಗ ಇರತೀರಿ, ಅಕ್ಕಾರ?"

ಅಮ್ಮ ನನ್ನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು.

"ನೋಡುವ," ಎಂದಳು.