ಇಪ್ಪತ್ತಮೂರು ಕೈ

“ಮುಂದಿನ ಸಾಲಲ್ಲಿ ಕೂತ್ಕೊಂಡು ಸಾಯ್ರಿ! ಫೋಟೋದಲ್ಲಿ ಕಾಣ್ಬೇಕು. ಸಾಹೇಬ್ರ ಹತ್ರ ಮಾತ್ರ ಬಾಯಿ ತೆಗೀಬೇಡಿ, ಚರಂಡಿ ನಾತ ಹೊಡೀತೀರಿ,” ಎಂದು ಮೇಸ್ತ್ರಿ ಮೂಗು ಮುಚ್ಚಿಕೊಂಡ.

ಬೀದಿ ಗುಡಿಸುತ್ತಿದ್ದವರನ್ನು ಹಾಗೇ ಕಸದ ಲಾರಿಗೆ ತುಂಬಿ ನಗರಸಭೆಯ ಸಭಾಂಗಣಕ್ಕೆ ತಂದು ಸುರಿದಿದ್ದರು. ಒಟ್ಟು ಇಪ್ಪತ್ತಮೂರು ಜನ, ಎಲ್ಲರೂ ಇಪ್ಪತ್ತೈದರ ಒಳಗಿನವರು. ಗೋಡೆಯ ಮೇಲೆ ‘ಯುವಜನರಿಂದಲೇ ನೀತಿ’ ಎಂಬ ಬ್ಯಾನರ್. ಮೆತ್ತನೆಯ ಕುರ್ಚಿಯಲ್ಲಿ ಕೂತ ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಗೆಳತಿ ಚೂಟಿ ತನ್ನ ಕುರ್ಚಿಯನ್ನು ಗಿರ್ರನೆ ಎರಡು ಸುತ್ತು ತಿರುಗಿಸಿದಳು.

ಸಾಹೇಬರು ಹೊಸ ನಿಯಮ ಓದತೊಡಗಿದರು. ಅರ್ಧ ತಲೆಗೆ ಹೋಗಲಿಲ್ಲ. ಹೋದ ಅರ್ಧ ಎದೆಗೆ ಒದ್ದಿತು. ಇಪ್ಪತ್ತೈದು ತುಂಬದ ಪೌರಕಾರ್ಮಿಕರೆಲ್ಲ ಇನ್ನು ಮುಂದೆ ‘ತರಬೇತಿಯವರು’, ಅವರನ್ನು ಕಾಯಂ ಮಾಡುವುದಿಲ್ಲ. ನಾನು ಐದು ವರ್ಷದಿಂದ ಗುಡಿಸುತ್ತಿದ್ದೇನೆ, ಬರುವ ತಿಂಗಳು ಕಾಯಂ ಆಗಬೇಕಿತ್ತು. ಪೊರಕೆ ಹಿಡಿಯುವುದನ್ನು ಇನ್ನು ಯಾವನು ಬಂದು ಕಲಿಸುತ್ತಾನಂತೆ?

“ಎಲ್ರೂ ಒಪ್ಪಿದೀರಿ ಅಂದ್ಕೊಳ್ತೀನಿ. ಪದ್ಧತಿಗೆ ಕೇಳ್ತೀನಿ ಅಷ್ಟೇ. ಆಕ್ಷೇಪಣೆ ಇದ್ದೋರು ಕೈ...”

‘ಎತ್ತಿ’ ಎನ್ನುವಷ್ಟರಲ್ಲಿ ಇಪ್ಪತ್ತಮೂರು ಕೈ ಮೇಲೆ! ದಿನಾ ಹಾಜರಿಯಲ್ಲಿ ಮೇಸ್ತ್ರಿ “ಕೈ!” ಎಂದು ಕೂಗುತ್ತಾನೆ. ಎತ್ತುವುದು ತಡವಾದರೆ ಆ ದಿನ ಗೈರುಹಾಜರಿ. ಆ ಮಾತು ಕಿವಿಗೆ ಬಿದ್ದರೆ ನಮ್ಮ ತೋಳು ನಮ್ಮನ್ನೇ ಕೇಳುವುದಿಲ್ಲ.

ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು.

“ಇಳಿಸ್ರೋ ಬೋಳಿಮಕ್ಳಾ!” ಮೇಸ್ತ್ರಿ ಓಡಿಬಂದ. “ಏನೂ ತಿಳೀದ ಕತ್ತೆಗಳು ಸಾರ್, ತಪ್ಪಾಗಿ ಎತ್ತಿದಾವೆ.”

ಕೈಗಳು ಒಂದೊಂದೇ ಇಳಿದವು. ನನ್ನದೂ ಇಳಿಯುತ್ತಿತ್ತು. ಚೂಟಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಅವಳ ಕೈ ಮೇಲೆಯೇ ಇತ್ತು.

ನಾನು ಕೈ ಮತ್ತೆ ಮೇಲೆತ್ತಿ ಎದ್ದು ನಿಂತೆ. ಹೆದರಿಕೆಯಾಗಿತ್ತು, ಆದರೂ ಹಾಳು ನಗು ನಿಲ್ಲದು.

“ಹೂಂ ಸಾರ್, ಆಗ ತಪ್ಪಾಗೇ ಎತ್ತಿದ್ವಿ. ಈಗ ಬೇಕಂತ್ಲೇ ಎತ್ತಿದೀವಿ. ಎಣಿಸ್ಕೊಳ್ಳಿ.”

ಹಿಂದೆ ಯಾರೋ ಕಿಸಕ್ಕೆಂದರು. ಇಳಿದ ಕೈಗಳೆಲ್ಲ ಮತ್ತೆ ಮೇಲೆದ್ದವು.

ನಡಾವಳಿ ಬರೆಯುತ್ತಿದ್ದ ಗುಮಾಸ್ತೆ ಪೆನ್ನು ಎತ್ತಿದಳು. “ಇಪ್ಪತ್ಮೂರು ಸಾರ್. ಬರೀಲಾ?”

“ಬರೀಬೇಡ! ಇವ್ರು ಕೈ ಇಳಿಸೋ ತನಕ ಸಭೆ ಮುಂದುವರಿಯಲ್ಲ. ಎಷ್ಟೊತ್ತು ಎತ್ಕೊಂಡಿರ್ತಾರೋ ನೋಡೇಬಿಡ್ತೀನಿ.”

ಮೇಸ್ತ್ರಿ ಫ್ಯಾನುಗಳನ್ನೆಲ್ಲ ಆರಿಸಿದ. ಬೆವರು ಕಂಕುಳಿನಿಂದ ಸೊಂಟದವರೆಗೆ ಹರಿಯಿತು.

“ನಮ್ ನಾತ ನಿಮ್ಗೇ ಕಷ್ಟ ಕಣಣ್ಣಾ,” ಎಂದಳು ಚೂಟಿ. ಸಭಾಂಗಣವೆಲ್ಲ ಗೊಳ್ಳೆಂದಿತು.

ಬಲಗೈ ಸೋತಾಗ ಎಡಗೈ ಎತ್ತಿದೆವು.