ಕುರುಗೋಡಿನ ದೋಣಿ

ಬಂಡಿಗಾಲಿ ಮಾಡುವ ಬಡಿಗೇರ ಮೂಕಪ್ಪ ದೋಣಿಯೊಂದನ್ನು ಕೊಂಡುತಂದ ದಿನ ಕುರುಗೋಡಿಗೆ ಕುರುಗೋಡೇ ನಕ್ಕಿತು. ನಗದೆ ಏನು ಮಾಡೀತು? ಊರ ಸುತ್ತ ಇರುವುದು ಬಂಡೆಗಳ ಗುಡ್ಡ. ಹೊಳೆ ನೋಡಬೇಕೆಂದರೆ ಬಸ್ಸು ಹತ್ತಬೇಕು.

ಅದು ಎಪ್ಪತ್ತೊಂದರ ಮಾತು. ಸಿರುಗುಪ್ಪದ ಬಂಗಲೆಯೊಂದರ ಬಾಗಿಲು ರಿಪೇರಿಗೆ ಹೋದವನು ಬೇವಿನ ಮರದ ಕೆಳಗೆ ಬೋರಲು ಬಿದ್ದಿದ್ದ ತೇಗದ ದೋಣಿಯನ್ನು ಕಂಡ. ಅಣೆಕಟ್ಟು ಕಟ್ಟುವ ಮುಂಚೆ ಹೊಳೆಯ ಆಳ ಅಳೆಯಲು ಸರ್ವೆಯವರು ತರಿಸಿದ್ದರಂತೆ. ಈಗ ಅದರ ನೆರಳಿನಲ್ಲಿ ಆಡುಗಳು ಮಲಗುತ್ತಿದ್ದವು. ಬಂಗಲೆಯವರು ಅದನ್ನು ಕಟ್ಟಿಗೆಯ ಲೆಕ್ಕದಲ್ಲಿ ಮಾರಿಬಿಡುವವರಿದ್ದರು. ಮೂಕಪ್ಪ ಅದರ ಹೊಟ್ಟೆಯ ಮೇಲೆ ಕೈಯಾಡಿಸಿದ. ಇಪ್ಪತ್ತು ವರ್ಷ ಮರದಲ್ಲೇ ಪಳಗಿದ ಕೈ ಅದು. ಆದರೂ ಹಲಗೆ ಇಷ್ಟು ಮೆತ್ತಗೆ, ಹೆಣ್ಣುಮಕ್ಕಳ ಸೆರಗು ಬಾಗಿದಂತೆ ಬಾಗುವುದನ್ನು ಕಂಡಿರಲಿಲ್ಲ. ಅದನ್ನು ಅಲ್ಲಿ ಬಿಟ್ಟುಬರಲು ಅವನಿಂದ ಆಗಲಿಲ್ಲ.

ಗೆಳೆಯ ಓಬಳೇಶನ ಬಂಡಿಯ ಮೇಲೆ ದೋಣಿ ಊರಿಗೆ ಬಂತು. “ಲೇ ಮೂಕಾ, ಇದನ್ನ ಗುಡ್ಡ ಹತ್ತಸ್ತೀಯೇನಲೇ?” ಎಂದು ದಾರಿಯುದ್ದಕ್ಕೂ ಓಬಳೇಶ ಕಾಡಿದ.

ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕೆಲಸ ಶುರುವಾಯಿತು. ಮೇಲಿನ ಡಾಂಬರು ಕೆರೆದರೆ ಹಸಿರು ಬಣ್ಣ, ಹಸಿರು ಕೆರೆದರೆ ಬಿಳಿ, ಅದರಡಿಯಲ್ಲಿ ಜೇನಿನ ಬಣ್ಣದ ತೇಗ. ಹಳೆಯ ರಿಪೇರಿಗಳೂ ಒಂದೊಂದಾಗಿ ಹೊರಬಿದ್ದವು. ಒಬ್ಬ ಅವಸರದವನು, ಸಂದಿಗೆ ಚೂರು ತಗಡು ಬಡಿದು ಕೈತೊಳೆದುಕೊಂಡಿದ್ದ. ಇನ್ನೊಬ್ಬ ಹಲಗೆಗೆ ಹಲಗೆ ಕೂಡಿಸಿದ್ದ ಸಂದು ಉಗುರಿಗೂ ಸಿಗುತ್ತಿರಲಿಲ್ಲ. ಎಂದೂ ಕಾಣದ ಆ ಮನುಷ್ಯನ ಜೊತೆ ಮೂಕಪ್ಪ ಮನಸ್ಸಿನಲ್ಲೇ ಮಾತಾಡತೊಡಗಿದ. ಇದನ್ನು ಹೀಗೆ ಯಾಕೆ ಕೊರೆದಿ? ಹಾಂ, ಈಗ ತಿಳಿಯಿತು.

ಕೊಳೆತ ಹಲಗೆ ಬದಲಾಯಿತು. ಸಂದುಗಳಿಗೆ ಹತ್ತಿಯ ಹುರಿ ಜಡಿದು, ರಾಳ ಕಾಯಿಸಿ ಮೆತ್ತಿದ್ದೂ ಆಯಿತು. ಎರಡು ವರ್ಷಕ್ಕೆ ದೋಣಿ ಮುಗಿಯಿತು ಎನ್ನಬಹುದಿತ್ತು. ಮೂಕಪ್ಪ ಎನ್ನಲಿಲ್ಲ. ಕೂರುವ ಮಣೆ ಸಪ್ಪೆ ಕಂಡಿತು, ಕೆತ್ತನೆಯದು ಮಾಡಿದ. ಅಂಚಿಗೆ ಬಳ್ಳಾರಿಯಿಂದ ಹಿತ್ತಾಳೆಯ ಪಟ್ಟಿ ತಂದು ಬಡಿದ. ಮೂತಿಗೆ ನವಿಲಿನ ಕತ್ತು ಕೂಡಿಸಿದ, ಮರುವರ್ಷ ಅದನ್ನು ಕಿತ್ತು ಇನ್ನೂ ದೊಡ್ಡದು ಕೂಡಿಸಿದ. ಹೆಂಡತಿ ಹನುಮಮ್ಮ ಬೇಸಿಗೆಯಲ್ಲಿ ದೋಣಿಯ ತುಂಬ ಮೆಣಸಿನಕಾಯಿ ಒಣಗಿಸಿದಳು. ಅವನು ಗೊಣಗಿದರೆ, “ಇದಕ್ಕೂ ಒಂದು ಕೆಲಸ ಬ್ಯಾಡೇನ್ರಿ?” ಎಂದಳು.

ಹೀಗೆ ಒಟ್ಟು ಏಳು ವರ್ಷ ಕಳೆದವು. ಒಂದು ದಿನ ಅವನು ಮಣೆಯನ್ನು ಮತ್ತೆ ಬಿಚ್ಚುತ್ತಿದ್ದಾಗ ಹನುಮಮ್ಮ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಹೆದರಿಕಿ ಐತಿ, ಹೌದಲ್ಲೋ?”

“ಯಾತರ ಹೆದರಿಕಿ?”

“ನೀರಿಂದು.”

ಮೂಕಪ್ಪ ಬಿಚ್ಚಿದ ಮಣೆಯನ್ನು ಮತ್ತೆ ಕೂಡಿಸತೊಡಗಿದ. ಅವಳ ಮಾತು ನೆಟ್ಟಗೆ ಹೋಗಿ ಎದೆಯಲ್ಲಿ ಕೂತಿತು. ಗಾಲಿಯಾದರೆ ಉರುಳುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲ. ದೋಣಿ ತೇಲುತ್ತದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಇರುವವರೆಗೆ ಅದು ತೇಲುವ ದೋಣಿಯೇ.

ಸಂಕ್ರಾಂತಿ ಕಳೆದ ವಾರ ಅವನು ಮನಸ್ಸು ಗಟ್ಟಿಮಾಡಿದ. ಓಬಳೇಶನ ಬಂಡಿಯಲ್ಲೇ ದೋಣಿ ಕೆಂಚನಗುಡ್ಡದ ಹೊಳೆದಂಡೆಗೆ ಹೋಯಿತು. ಜನ ಸೇರಿತು. ಹನುಮಮ್ಮ ಕಾಯಿ ಒಡೆದಳು. ನಾಲ್ಕು ಜನ ನೂಕಿದರು. ದೋಣಿ ಜಾರಿತು, ತೇಲಿತು, ಮೂಕಪ್ಪನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪ್ರತಿ ಸಂದಿನಿಂದಲೂ ನೀರು ಚಿಮ್ಮಿತು. ಸೊಂಟಮಟ್ಟದ ನೀರಿನಲ್ಲಿ ದೋಣಿ ಎಲ್ಲರೆದುರು ಮೆಲ್ಲಗೆ ಕೂತುಬಿಟ್ಟಿತು. ನವಿಲಿನ ಕತ್ತು ಮಾತ್ರ ಮೇಲೆ ಉಳಿಯಿತು.

ಯಾರೋ ಕಿಸಕ್ಕೆಂದರು. ಓಬಳೇಶ ನಗಲಿಲ್ಲ. ಮೂಕಪ್ಪ ದಂಡೆಯ ಕಲ್ಲಿನ ಮೇಲೆ ಕುಸಿದ.

ಹರಿಗೋಲಿನಲ್ಲಿ ಜನರನ್ನು ದಾಟಿಸುವ ಸುಂಕಲಮ್ಮ ಅಲ್ಲೇ ಇದ್ದಳು. ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದ ಮುದುಕಿ. ನೀರಿಗಿಳಿದು ದೋಣಿಯ ಸುತ್ತ ಒಂದು ಸುತ್ತು ಬಂದಳು.

“ಎಷ್ಟು ವರ್ಷ ಒಣಗಿಸಿದ್ಯಪ್ಪಾ ಇದನ್ನ?”

“ಏಳು.”

“ಮತ್ತ ಬಾಯಾರಿಕಿ ಆಗಂಗಿಲ್ಲೇನು ಅದಕ್ಕ? ಕಲ್ಲು ಹೇರಿ ಪೂರಾ ಮುಳುಗಿಸು. ಎಂಟು ದಿನ ಕುಡೀಲಿ ಬಿಡು.”

ಮೂಕಪ್ಪ ತಲೆಯೆತ್ತಿ ಅವಳನ್ನೇ ನೋಡಿದ. ಬೇಸಿಗೆಯಲ್ಲಿ ಗಾಲಿ ಸಡಿಲವಾಯಿತೆಂದು ಬಂದ ರೈತರಿಗೆಲ್ಲ ಅವನು ಹೇಳುತ್ತಿದ್ದದ್ದು ಅದೇ ಮಾತು: ಕೆರೆಯಲ್ಲಿ ಹಾಕು, ಮರ ಉಬ್ಬಿ ತಾನೇ ಬಿಗಿಯಾಗುತ್ತದೆ. ತನ್ನ ದೋಣಿಯೂ ಮರದ್ದೇ ಎಂಬುದನ್ನು ಮರೆತಿದ್ದ. ನಾಚಿಕೆಯಿಂದ ನಗು ಬಂತು. ತಾನೇ ಕಲ್ಲು ಹೊತ್ತು ತಂದು ತುಂಬಿದ.

ಎಂಟು ದಿನ ಸುಂಕಲಮ್ಮನ ಜೋಪಡಿಯ ಪಕ್ಕದಲ್ಲೇ ಗಂಡಹೆಂಡಿರು ಉಳಿದರು. ಒಂಬತ್ತನೆಯ ಬೆಳಿಗ್ಗೆ ಕಲ್ಲು ತೆಗೆದು, ನೀರು ತೋಡಿ ಚೆಲ್ಲಿದರು. ಮೂಕಪ್ಪ ಸಂದುಗಳಿಗೆ ಬೆರಳಾಡಿಸಿದ. ಎಲ್ಲೂ ಒಂದು ಹನಿ ಜಿನುಗುತ್ತಿರಲಿಲ್ಲ. ಆದರೆ ದೋಣಿ ಮುಂದಕ್ಕೆ ಮುಗ್ಗರಿಸಿದಂತೆ ನಿಂತಿತ್ತು.

“ಆ ನವಿಲು ಭಾಳ ಭಾರ,” ಎಂದಳು ಸುಂಕಲಮ್ಮ. “ಹೊಳಿಗೆ ಶೃಂಗಾರ ಬೇಕಿಲ್ಲ.”

ಎರಡು ವರ್ಷದ ಕೆತ್ತನೆ. ಮೂಕಪ್ಪ ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ಉಳಿ ತೆಗೆದುಕೊಂಡು ಬೆಣೆ ಸಡಿಲಿಸಿದ. ಮೂತಿ ಮೇಲೆದ್ದಿತು.

ಹನುಮಮ್ಮ ಸೀರೆ ಎತ್ತಿಕಟ್ಟಿ ಹತ್ತಿ ಕೂತಳು. ಹುಟ್ಟು ಹಾಕುವುದು ಅವನಿಗೆ ಬರುತ್ತಿರಲಿಲ್ಲ. ದೋಣಿ ಮೂರು ಸಲ ಗಿರಕಿ ಹೊಡೆಯಿತು, ಅವಳು ಹೆದರದೆ ನಕ್ಕಳು. ನಡುಹೊಳೆಯಲ್ಲಿ ಅವನು ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡ. ಹಲಗೆಗಳ ಆಚೆ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಹಿಂದೆ ಹಲಗೆ ಕೂಡಿಸಿದ್ದ ಕಾಣದ ಆ ಕೆಲಸಗಾರನೂ ಈ ಸದ್ದು ಕೇಳಿರಬೇಕು ಎಂದುಕೊಂಡ.

ದೋಣಿಯನ್ನು ಮರಳಿ ತಂದರೆ ಮತ್ತೆ ಒಣಗುತ್ತದೆ. ಸುಂಕಲಮ್ಮನ ಗೂಟಕ್ಕೇ ಕಟ್ಟಿ ಬಂದ. ಖಾಲಿ ಚಪ್ಪರ ನೋಡಲಾರದೆ ಕೆಲವು ದಿನ ಹಿತ್ತಲಿಗೇ ಹೋಗಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಉಳಿ, ಬಾಚಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊಸಿಲು ದಾಟಿದ.

“ಮತ್ತೇನು ಉಳಿದೈತ್ರಿ ಅದರಾಗ?” ಎಂದಳು ಹನುಮಮ್ಮ.

“ಕೂಡ್ರೋ ಮಣಿ ಒಂದೀಟು ಎತ್ತರ ಆಗೇತಿ. ತಗ್ಗಿಸಬೇಕು. ನೀನೂ ಬರ್ತೀಯೇನು?”

ಅವಳು ಬುತ್ತಿ ಕಟ್ಟಲು ಒಳಗೆ ಹೋದಳು.